ಮನೆಯ ಮುಖ ಯಾವ ಕಡೆ?

ಅಳತೆ ಸರಿಯಿದ್ದರೆ ಉತ್ತರವೂ ಸರಿಯಿರುತ್ತದೆ ಎಂದು ನಂಬಿ ಬಿ.ಎಸ್ಸಿ. ಮುಗಿಸಿದವನು ನಾನು. ಮನೆಗಳ ಮಾಳಿಗೆಯ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವ ಕಂಪನಿಗೆ ಸೇರಿದ ಮೇಲೆ ಆ ನಂಬಿಕೆ ವಾರಕ್ಕೊಮ್ಮೆಯಾದರೂ ಅಲುಗಾಡುತ್ತದೆ.

ಮನೆ ನೋಡಿ, ಪ್ಯಾನೆಲ್ ಕೂರಿಸಲು ದಿಕ್ಕು ಅಳೆದು, ಮೊಬೈಲಿನಲ್ಲಿ ಒಂದು ಫಾರ್ಮ್ ತುಂಬುವುದು ನನ್ನ ಕೆಲಸ. ಅದರಲ್ಲಿ ಮೂರು ಇಂಗ್ಲಿಷ್ ಪದಗಳಿವೆ. ಫ್ರಂಟ್ ಎಂದರೆ ಮನೆಯ ಮುಂಭಾಗ. ಫೇಸಿಂಗ್ ಎಂದರೆ ಅದು ತಿರುಗಿರುವ ದಿಕ್ಕು. ಅಪಿಯರನ್ಸ್ ಎಂದರೆ ನೋಡಲು ಹೇಗಿದೆ ಎಂಬುದು. ಈ ವ್ಯತ್ಯಾಸವನ್ನು ನಾನು ಡೈರಿಯಲ್ಲಿ ಬರೆದುಕೊಂಡಿದ್ದೆ. ಗೋಕಾಕ, ಹುಕ್ಕೇರಿ, ಮೂಡಲಗಿಯ ಜನ ಬರೆದುಕೊಂಡಿರಲಿಲ್ಲ.

ಮೊದಲ ಆರು ತಿಂಗಳು ನೌಕರಿ ಕಾಯಂ ಅಲ್ಲ. ಮೂರು ಫಾರ್ಮ್ ತಿರಸ್ಕಾರವಾದರೆ ಮನೆಗೆ ಹೋಗಬೇಕು. ಐದು ತಿಂಗಳು ಒಂದೂ ತಿರಸ್ಕಾರವಿಲ್ಲದೆ ಕಳೆದವು. ಎಲ್ಲವೂ ಆದದ್ದು ಆರನೆಯ ತಿಂಗಳಲ್ಲಿ.

೧. ಫ್ರಂಟ್

ಕೊಣ್ಣೂರಿನ ಒಂದು ಮನೆ. "ಎದುರಿನ ಫೋಟೋ ಬೇಕು" ಎಂದೆ.

"ಸ್ವಲ್ಪ ತಡೀರಿ" ಎಂದು ಮನೆಯ ಯಜಮಾನರು ಒಳಗೆ ಹೋದರು. ಒಂದು ತಾಸಾದ ಮೇಲೆ ಹದಿನಾಲ್ಕು ಜನ ಹೊಸ ಬಟ್ಟೆ ತೊಟ್ಟು ಬಾಗಿಲ ಮುಂದೆ ಸಾಲಾಗಿ ನಿಂತರು. ಪಕ್ಕದಲ್ಲಿ ಎಮ್ಮೆ. ಅದರ ಪಕ್ಕ, ತೊಳೆದ ಟ್ರ್ಯಾಕ್ಟರ್.

"ಮನೆ ಒಂದೇ ಸಾಕ್ರಿ" ಎಂದೆ.

"ಹೋದ ಸಲ ಬ್ಯಾರೆ ಆಫೀಸಿನವ್ರು ಬರೇ ಮನಿ ಫೋಟೋ ತಗದ್ರು. ಮಾಲಕ ಇಲ್ಲಂತ ವಾಪಸ್ ಬಂತು. ನಾವಿಲ್ಲಂದ್ರ ಮನಿ ನಮ್ದಂತ ಹೆಂಗ ಗೊತ್ತಾಗಬೇಕ್ರಿ?"

ಅವರ ತರ್ಕದಲ್ಲಿ ದೋಷ ಕಾಣಲಿಲ್ಲ. ತೆಗೆದು ಕಳಿಸಿದೆ. ಹೆಡ್ ಆಫೀಸಿನಲ್ಲಿ ಫಾರ್ಮ್ ಪರಿಶೀಲಿಸುವ ಮೇಡಂ ಐದೇ ನಿಮಿಷದಲ್ಲಿ ಫೋನ್ ಮಾಡಿದರು.

"ಮನೆ ಎಲ್ಲಿದೆ?"

"ಹಿಂದಿದೆ ಮೇಡಂ."

"ನನಗೆ ಎಮ್ಮೆ ಕಾಣ್ತಿದೆ. ಹತ್ತು ನಿಮಿಷದಲ್ಲಿ ಬೇರೆ ಫೋಟೋ ಬರಬೇಕು."

ಎಲ್ಲರನ್ನೂ ಬೇಡಿಕೊಂಡೆ. ಟ್ರ್ಯಾಕ್ಟರ್ ಹೋಯಿತು, ಎಮ್ಮೆ ಹೋಯಿತು, ಹದಿಮೂರು ಜನ ಹೋದರು. ಯಜಮಾನರ ತಂದೆ ಮಾತ್ರ ಬಾಗಿಲ ನಡುವೆ ಕುರ್ಚಿ ಹಾಕಿಕೊಂಡು ಕುಳಿತೇ ಇದ್ದರು. ಒಂಬತ್ತು ನಿಮಿಷ ಆಗಿತ್ತು.

"ಅಜ್ಜಾರ, ಒಂಚೂರು ಸರೀರಿ."

"ಈ ಮನಿ ಕಟ್ಟಿಸಿದಾಂವ ನಾನು" ಎಂದರು ಅಜ್ಜ. "ಸರಿಯೂದಿದ್ರ ಮನೀನ ಸರೀಲಿ."

ಮೊದಲ ತಿರಸ್ಕಾರ.

೨. ಫೇಸಿಂಗ್

ಹುಕ್ಕೇರಿಗೆ ನಮ್ಮ ವೈರಿಂಗ್ ಮಿಸ್ತ್ರಿಯ ಜೊತೆ ಹೋದೆ. ವಯಸ್ಸಾದ ಮನುಷ್ಯ, ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ. ಬಾಗಿಲು ರಸ್ತೆಯ ಕಡೆ, ಪಶ್ಚಿಮಕ್ಕಿತ್ತು. ದಿಕ್ಸೂಚಿ ಇಟ್ಟು ಮೂರು ಸಲ ನೋಡಿ 'ಪಶ್ಚಿಮ' ಎಂದು ಬರೆದೆ. ಮನೆಯ ಮಾಲಕರು ಸಹಿ ಮಾಡಲಿಲ್ಲ.

"ನಮ್ಮ ಮನಿ ಮುಖ ಪೂರ್ವಕ್ಕ ಐತ್ರಿ. ವಾಸ್ತು ಕೇಳಿ ಮಾಡ್ಸೇವಿ, ಬರ್ರಿ."

ಒಳಗೆ ಕರೆದೊಯ್ದರು. ಪೂರ್ವದ ಗೋಡೆಯಲ್ಲಿ ತೇಗದ ಬಾಗಿಲು. ಹೊಸ್ತಿಲಿಗೆ ಅರಿಷಿಣ ಕುಂಕುಮ, ಮೇಲೆ ಮಾವಿನ ತೋರಣ. ತೆಗೆದರೆ ಎದುರಿಗೆ ಗೇಣು ದೂರದಲ್ಲಿ ಬಾಜೂ ಮನೆಯವರ ಇಟ್ಟಿಗೆ ಗೋಡೆ.

"ಇದರಾಗ ಯಾರ ಬರ್ತಾರ್ರಿ?" ಚಾಚಾ ಕೇಳಿದರು.

"ಲಕ್ಷ್ಮೀ ಬರ್ತಾಳ."

"ಭಾಳ ಸಣ್ಣಾಗಿರಬೇಕು ಆಕಿ."

ಮಾಲಕರಿಗೆ ಸಿಟ್ಟು ಬಂತು. 'ಪೂರ್ವ' ಎಂದು ಬರೆಯದಿದ್ದರೆ ಸಹಿ ಇಲ್ಲ ಎಂದರು. ಸಹಿ ಇಲ್ಲದಿದ್ದರೆ ಫಾರ್ಮ್ ತಿರಸ್ಕಾರ. ನಾನು 'ಪೂರ್ವ' ಎಂದು ಬರೆದು, ಆ ಬಾಗಿಲು ತೆಗೆದ ಫೋಟೋ ಕಳಿಸಿ ಕಾದೆ.

ಮೇಡಂ ಫೋನ್ ಮಾಡಿದರು. "ಇದರಲ್ಲಿ ಬರೀ ಗೋಡೆ ಇದೆಯಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಮಾಲಕರು ಫೋನ್ ಕಸಿದುಕೊಂಡರು. "ಗೋಡಿ ಅವರದ್ರಿ ಮೇಡಂ. ಮುಖ ನಮ್ಮದು."

ಎರಡನೆಯ ತಿರಸ್ಕಾರ.

೩. ಅಪಿಯರನ್ಸ್

ಕಾಯಂ ಆಗಲು ನಾಲ್ಕು ದಿನ ಉಳಿದಿತ್ತು. ತುಕ್ಕಾನಟ್ಟಿಯಲ್ಲಿ ನಾವು ಕೂರಿಸಿದ್ದ ಪ್ಯಾನೆಲ್‌ಗಳಿಂದ ಒಂದು ಯೂನಿಟ್ ಕರೆಂಟೂ ಬರುತ್ತಿಲ್ಲ ಎಂದು ಹೆಡ್ ಆಫೀಸಿಗೆ ಗೊತ್ತಾಯಿತು. ತನಿಖೆಗೆ ದೊಡ್ಡ ಸಾಹೇಬರೇ ಹೊರಟುಬಂದರು. ಜೀಪಿನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಪ್ಯಾನೆಲ್ ಯಾವ ಕಡೆ ತಿರುಗಿಸಿದ್ದೀಯಾ?"

"ದಕ್ಷಿಣಕ್ಕೆ ಸರ್. ಮೂರು ಸಲ ಅಳೆದಿದ್ದೇನೆ."

"ತಪ್ಪಿದ್ದರೆ ಇದು ಮೂರನೆಯದು. ಗೊತ್ತಲ್ಲ?"

ಗೊತ್ತಿತ್ತು. ಮನೆಯ ಮೆಟ್ಟಿಲು ಹತ್ತುವಾಗ ದಿಕ್ಸೂಚಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ.

ಮಾಳಿಗೆಯ ಮೇಲೆ ಸುಡುಬಿಸಿಲು. ಚೌಕಟ್ಟು ದಕ್ಷಿಣಕ್ಕೇ ಇತ್ತು. ಆದರೆ ಪ್ಯಾನೆಲ್ ಒಂದೂ ಕಾಣಲಿಲ್ಲ. ಅಷ್ಟುದ್ದಕ್ಕೂ ಕೆಂಪು, ಹಸಿರು, ಹಳದಿ ಬಟ್ಟೆ ತುಂಡುಗಳನ್ನು ಸೇರಿಸಿ ಹೊಲಿದ ನಾಲ್ಕು ದಪ್ಪ ಕೌದಿಗಳನ್ನು ಹೊದಿಸಿ, ಗಾಳಿಗೆ ಹಾರದಂತೆ ಹಗ್ಗ ಬಿಗಿದಿದ್ದರು.

ಸಾಹೇಬರು ಕೌದಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅಷ್ಟರಲ್ಲಿ ಆ ಮನೆಯ ಅಜ್ಜಿ ಸೊಸೆಯ ಕೈ ಹಿಡಿದುಕೊಂಡು ಮೇಲೆ ಬಂದಳು.

"ಅಜ್ಜಿ, ಇದನ್ನ ಯಾಕೆ ಮುಚ್ಚಿದ್ದೀರಿ?"

"ಬಿಸಲಿಗೆ ಬಣ್ಣ ಹೋಗತೈತಲ್ರಿ ಸಾಹೇಬ್ರ. ಹೊಸಾ ಸಾಮಾನ. ಈ ತಮ್ಮನ ಹೇಳಿ ಹೋಗ್ಯಾನ, ಧೂಳ ಕುಂದ್ರಬಾರದು, ನೋಡಾಕ ಯಾವಾಗ್ಲೂ ಹೊಸಾದರಂಗ ಇರಬೇಕಂತ."

"ನೀನು ಹೇಳಿದ್ದಾ?" ಸಾಹೇಬರ ದನಿ ತಣ್ಣಗಿತ್ತು.

"ಹೌದು ಸರ್." ನಿಜವಾಗಿಯೂ ಹೇಳಿದ್ದೆ. ಪ್ಯಾನೆಲ್ ಕೂರಿಸಿದ ದಿನ ಅಪಿಯರನ್ಸ್ ಕಾಲಂ ತುಂಬುವಾಗ ಹೇಳಿದ್ದೆ. ಬಿಸಿಲು ಬೀಳಬೇಕು ಎನ್ನುವುದನ್ನು ಬೇರೆ ಹೇಳಬೇಕೆಂದು ಹೊಳೆದಿರಲಿಲ್ಲ.

ಸಾಹೇಬರು ಜೇಬಿನಿಂದ ಪೆನ್ನು ತೆಗೆದರು. ನನ್ನ ನೌಕರಿ ಮುಗಿಯಿತು ಎಂದುಕೊಂಡೆ. ಅಜ್ಜಿಗೆ ಏನು ಅನ್ನಿಸಿತೋ, ನಮ್ಮಿಬ್ಬರ ನಡುವೆ ಬಂದು ನಿಂತಳು.

"ಅಂವಗ ಬೈಬ್ಯಾಡ್ರಿ. ನಾವೇನ್ ಇಡೀ ದಿನಾ ಮುಚ್ಚಿಡಂಗಿಲ್ಲ. ಸಂಜೀಕ ಹೊತ್ತು ಮುಳುಗಿದ ಕೂಡ್ಲೆ ತಗದು ಇಡತೇವಿ."

ಸಾಹೇಬರ ಕೈಯಲ್ಲಿನ ಪೆನ್ನು ಅಲ್ಲೇ ನಿಂತಿತು. ಮೊದಲು ಅವರ ಭುಜ ಅಲುಗಿತು. ಆಮೇಲೆ ಅವರು ಪ್ಯಾರಾಪೆಟ್ ಹಿಡಿದುಕೊಂಡು ಕುಳಿತುಬಿಟ್ಟರು. ನಗು ನಿಂತ ಮೇಲೆ ಕಣ್ಣು ಒರೆಸಿಕೊಂಡು, ತಾವೇ ಹಗ್ಗ ಬಿಚ್ಚಿ ಕೌದಿ ತೆಗೆದರು. ಕೆಳಗಿನ ಮೀಟರ್ ಹತ್ತಿರ ಅಜ್ಜಿಯನ್ನು ನಿಲ್ಲಿಸಿ, ಅಂಕಿ ಏರುವುದನ್ನು ತೋರಿಸಿ, ಹತ್ತು ನಿಮಿಷ ವಿವರಿಸಿದರು. ಅಜ್ಜಿ ಪ್ರತಿ ಮಾತಿಗೂ "ಖರೇ ಐತ್ರಿ" ಎಂದು ತಲೆಯಾಡಿಸಿದಳು.

ಜೀಪಿನ ಬಾನೆಟ್ ಮೇಲಿಟ್ಟು ಸಾಹೇಬರು ನನ್ನ ಕಾಗದಕ್ಕೆ ಸಹಿ ಹಾಕಿದರು. "ದಿಕ್ಕು ಸರಿ ಇದೆ. ಕಾಯಂ ಮಾಡಿದ್ದೀನಿ. ಅಜ್ಜಿಗೆ ಇನ್ನು ಅನುಮಾನ ಉಳಿದಿಲ್ಲ."

ಜೀಪು ಇನ್ನೂ ಸ್ಟಾರ್ಟ್ ಆಗಿರಲಿಲ್ಲ. ಬಾಗಿಲಲ್ಲಿ ಅಜ್ಜಿ ಸೊಸೆಗೆ ಹೇಳುತ್ತಿದ್ದುದು ನಮ್ಮಿಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು.

"ಪಾಪ, ಅಷ್ಟು ದೂರದಿಂದ ಬಂದು ಹೇಳ್ಯಾರ, ಕೌದಿ ಬ್ಯಾಡ. ಅವರು ರಸ್ತಾ ಮುಟ್ಟಲಿ, ಆಮ್ಯಾಲ ತೆಳ್ಳಂದೊಂದು ಸೀರಿ ಹೊಚ್ಚು."