ವೈರು ಬಿಟ್ಟು ಉಳಿದದ್ದೆಲ್ಲ ಬದಲಿಸಿದ ಮಾಸ್ತರರು

ಬೆಳಗಾವಿಯ ವಡಗಾವಿ ಗಲ್ಲಿಯಲ್ಲಿ ನಾನು ಗ್ಯಾರೇಜು ತೆರೆದು ಇಪ್ಪತ್ತು ವರ್ಷವಾಯಿತು. ರಿಪೇರಿಯಾಗದ ಕಾರನ್ನು ಕಂಡಿಲ್ಲ. ರಿಪೇರಿಯಾಗದ ಮಾಲೀಕರು ಮಾತ್ರ ವಾರಕ್ಕೊಬ್ಬರಾದರೂ ಬರುತ್ತಾರೆ. ಅವರಲ್ಲಿ ಮೊದಲ ನಂಬರು ಶಿವಬಸವ ನಗರದ ಮಾಸ್ತರರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರ ಪೆಟ್ರೋಲ್ ಕಾರಿಗೂ ಹೆಚ್ಚುಕಡಿಮೆ ಅಷ್ಟೇ ಸರ್ವಿಸು.

೧. ಪೆಟ್ರೋಲಿನ ತಪ್ಪು

"ಮಿಸ್ತ್ರಿ, ಗಾಡಿ ಜಗ್ಗವಲ್ದು. ಬರೂ ತಿಂಗಳ ಖಾನಾಪುರಕ್ಕ ಹೋಗೋದೈತಿ. ಮಗಳಿಗೆ ಅಲ್ಲೊಂದು ಸಂಬಂಧ ಬಂದೈತಿ, ಹುಡುಗನ ಮನಿ ನೋಡಬೇಕು. ಬೀಗರ ಮುಂದ ಗಾಡಿ ಕೆಮ್ಮಬಾರದು ನೋಡು."

ಇಂಜಿನ್ ಚಾಲೂ ಇಟ್ಟು ಸ್ಪಾರ್ಕ್ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದೆ. ಒಳ್ಳೆಯ ವೈರು ಕಿತ್ತರೆ ಇಂಜಿನ್ನು ನಡುಗುತ್ತದೆ. ಮೂರನೆಯದನ್ನು ಕಿತ್ತಾಗ ಅದಕ್ಕೆ ಗೊತ್ತೇ ಆಗಲಿಲ್ಲ. ಉಳಿದವುಗಳ ಮೈತುಂಬ ಸಣ್ಣ ಬಿರುಕು.

"ಸರ, ವೈರ್ ಸತ್ತಾವ್ರಿ. ನಾಲ್ಕೂ ಬದಲಿ ಮಾಡೂಣ್ರಿ."

ದಡ್ಡ ಹುಡುಗನನ್ನು ನೋಡಿದಂತೆ ನಕ್ಕರು. "ಅಲ್ಲೋ, ವೈರಿನ್ಯಾಗ ಕರೆಂಟ್ ಹರೀತೈತಿ, ಅದೇನ್ ಸವೀತೈತಿ? ನಾ ಕಲಿಸೇನಿ ಇದನ್ನ. ಪೆಟ್ರೋಲ್ ಖೊಟ್ಟಿ ಐತಿ, ಕಲಬೆರಕಿ."

ಪೆಟ್ರೋಲ್ ಹಾಕಿಸುವ ಪಂಪು ಬದಲಿಸಿದರು. ಕಾರು ಕೆಮ್ಮಿತು. ಇನ್ನೊಂದು ಪಂಪು ಹಿಡಿದರು. ಎರಡು ವಾರದಲ್ಲಿ ಬೆಳಗಾವಿಯ ಪಂಪುಗಳನ್ನೆಲ್ಲ ಸುತ್ತಿ ಬಂದು ನನಗೆ ತೀರ್ಪು ಕೊಟ್ಟರು: "ಊರಾಗ ಒಬ್ಬಾಂವರೇ ಪ್ರಾಮಾಣಿಕ ಇಲ್ಲ ನೋಡು."

೨. ಅಮಾವಾಸ್ಯೆಯ ದೋಷ

ಅಮಾವಾಸ್ಯೆಗೊಮ್ಮೆ ಗಾಡಿ ತೊಳೆದು, ಪೂಜೆ ಮಾಡಿ, ಕಾಯಿ ಒಡೆಯುವುದು ನಮ್ಮ ಕಡೆ ರೂಢಿ. ಮಾಸ್ತರರ ಭಕ್ತಿ ತುಸು ಜಾಸ್ತಿ. ಬಾನೆಟ್ ಎತ್ತಿ ಇಂಜಿನ್ನಿಗೂ ಪೈಪಿನಿಂದ ಸ್ನಾನ ಮಾಡಿಸಿದ್ದರು. ವೈರಿನ ಬಿರುಕಿನೊಳಗೆ ನೀರು ಇಳಿದು ಕಾರು ಚಾಲೂ ಆಗಲಿಲ್ಲ. ಫೋನು ಬಂದು ನಾನು ಅವರ ಮನೆಗೆ ಹೋಗುವಷ್ಟರಲ್ಲಿ ನಾಲ್ಕು ವೈರುಗಳಿಗೂ ವಿಭೂತಿ, ಕುಂಕುಮ ಏರಿದ್ದವು.

"ಅಮಾಶಿ ಬಂತಂದ್ರ ಬಂದ್ ಬೀಳ್ತೈತಿ. ಯಾರದೋ ಕಣ್ಣ ಬಿದ್ದೈತಿ."

"ಕಣ್ಣಲ್ರೀ ಸರ, ನೀರು ಹೊಕ್ಕೈತಿ."

ವೈರು ಒರೆಸಿ ಒಣಗಿಸಿದೆ. ಕಾರು ಚಾಲೂ ಆಯಿತು. ಮಾಸ್ತರರು ಕೈ ಮುಗಿದರು, ನನಗಲ್ಲ, ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣಿಗೆ. ವಿಜ್ಞಾನದ ಮಾಸ್ತರರು, ನೆನಪಿರಲಿ.

೩. ಸ್ವಂತ ರಿಪೇರಿ

ಮುಂದಿನ ವಾರ ಅವರೇ ನಾಲ್ಕೂ ವೈರು ಬಿಚ್ಚಿ, ಕರಿ ಟೇಪು ಸುತ್ತಿ, ತಿರುಗಿ ಹಾಕಿದರು. ಯಾವುದು ಎಲ್ಲಿತ್ತೆಂದು ಗುರುತು ಇಟ್ಟಿರಲಿಲ್ಲ. ಎರಡು ವೈರು ಅದಲುಬದಲಾಗಿ, ಕಾರು ಗ್ಯಾರೇಜಿನವರೆಗೂ ಢಂ ಢಂ ಎಂದು ಪಟಾಕಿ ಹಾರಿಸುತ್ತ ಬಂತು. ಗಲ್ಲಿಯ ಮಗ್ಗದವರೆಲ್ಲ ಕೆಲಸ ಬಿಟ್ಟು ಹೊರಗೆ ಓಡಿ ಬಂದರು.

ಮಾಸ್ತರರು ಇಳಿದು ಹೆಮ್ಮೆಯಿಂದ ಹೇಳಿದರು: "ಮೊದಲ ಬರೇ ಕೆಮ್ಮತಿತ್ತು. ಈಗ ಹೆಂಗ ದನಿ ಬಂದೈತಿ ನೋಡು."

೪. ಖಾನಾಪುರ

ವೈರುಗಳನ್ನು ಸರಿಯಾದ ಜಾಗಕ್ಕೆ ಹಾಕಿಕೊಟ್ಟೆ. ಹೊಸವು ಬೇಡವೆಂದರು. ಆದರೂ ಎದೆಯಲ್ಲಿ ಅಳುಕು ಇತ್ತೇನೋ, ಹೊರಡುವ ದಿನ "ಬಾಜೂಕ ಕುಂದರು ಬಾ" ಎಂದು ನನ್ನನ್ನೂ ಕರೆದೊಯ್ದರು. ಹಿಂದಿನ ಸೀಟಿನಲ್ಲಿ ಹೆಂಡತಿ, ಮಗಳು. ಫೋನಿನಲ್ಲಿ ಮಾತಾಡಿಯೇ ಹುಡುಗಿ ಹುಡುಗನನ್ನು ಮೆಚ್ಚಿದ್ದಳು. ದಾರಿಯುದ್ದಕ್ಕೂ ಕಾರು ಜೋಲಿ ಹೊಡೆದಾಗಲೆಲ್ಲ ಪಾಪ, ಆಕೆಯ ಮುಖ ಸಣ್ಣದಾಗುತ್ತಿತ್ತು.

ಬೀಗರ ಅಂಗಳದಲ್ಲಿ ಕಾರು ಮೂರು ಸಲ ಕೆಮ್ಮಿ ಸತ್ತಿತು. ಹುಡುಗನ ತಂದೆ ಜೀಪು ರಿಪೇರಿ ಮಾಡಿಯೇ ತಲೆ ನೆರೆಸಿದವರಂತೆ. ಇದನ್ನು ಮಾಸ್ತರರು ನನಗೆ ಹೇಳಿರಲಿಲ್ಲ. ಆ ಹಿರಿಯರು ನಮಸ್ಕಾರಕ್ಕೂ ಮೊದಲು ಬಾನೆಟ್ ಎತ್ತಿದರು.

"ಬೀಗರ, ಪ್ಲಗ್ಗಿನ ವೈರ್ ಪೂರಾ ಹೋಗ್ಯಾವಲ್ರಿ. ಖರೇ ಅಂದ್ರ ಎಂದೋ ಬದಲಿ ಮಾಡಬೇಕಿತ್ತು."

ನನ್ನ ಹೊಟ್ಟೆ ತಣ್ಣಗಾಯಿತು. ಮಾಸ್ತರರ ಮುಖ ನೋಡಿದೆ. ಅವರು ನನ್ನತ್ತ ತಿರುಗಿ ವ್ಯಥೆಯಿಂದ ತಲೆ ಅಲ್ಲಾಡಿಸಿದರು.

"ನಾನೂ ಅದನ್ನ ಬಡಕೊಳ್ಳಾಕತ್ತೇನ್ರಿ, ವೈರ್ ಸತ್ತಾವ, ಬದಲಿ ಮಾಡು ಅಂತ. ಈ ಮಿಸ್ತ್ರಿ ಕೇಳಬೇಕಲ್ರೀ."

ನಾನು ಬಾಯಿ ತೆರೆದೆ. ಅಪ್ಪನ ಬೆನ್ನ ಹಿಂದೆ ಹುಡುಗಿ ನನಗೆ ಎರಡೂ ಕೈ ಮುಗಿದಳು. ಬಾಯಿ ಮುಚ್ಚಿದೆ.

ಚಹಾ, ಅವಲಕ್ಕಿ ಆಯಿತು. ಹಿರಿಯರು ಹೆಂಡತಿಯೊಡನೆ ಮರಾಠಿಯಲ್ಲಿ ಪಿಸುಗುಟ್ಟಿ, ನಮ್ಮತ್ತ ತಿರುಗಿದರು.

"ಸಂಬಂಧ ನಮಗ ಒಪ್ಪಿಗಿ ಐತ್ರಿ. ಒಂದ ಶರ್ತ. ಲಗ್ನಕ್ಕಿಂತ ಮೊದಲ ಈ ಮಿಸ್ತ್ರಿನ್ನ ಬದಲಿ ಮಾಡ್ರಿ."

ಒಂದು ವೈರು ಬದಲಿಸಲು ತಿಂಗಳೆಲ್ಲ ಒಪ್ಪದ ಮಾಸ್ತರರು ಇದಕ್ಕೆ ಕೂತಲ್ಲೇ ಒಪ್ಪಿದರು.