ಕರ್ನಲ್‌ನಿಂದ ಕಿರಿಯವನನ್ನು ಹೊರಗಟ್ಟಿದ್ದು

ಸುಮ್ಮನೆ ಕೂರುವುದು. ನನ್ನ ತಂಗಿ ಲೀಲಾ ಆ ಬೆಳಿಗ್ಗೆ ನನಗೆ ಒಪ್ಪಿಸಿದ್ದ ಕೆಲಸ ಇಷ್ಟೇ. ಅದು ನನ್ನ ಕೈಲಿ ಆಗಲಿಲ್ಲ!

ಅರಸೀಕೆರೆಯಲ್ಲಿ ನನ್ನದು ಕೊಬ್ಬರಿ ಮಂಡಿ. ಏಳನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವನು ನಾನು. ಲೀಲಾ ಹಾಗಲ್ಲ, ಕಂಪ್ಯೂಟರ್ ಓದಿದವಳು. ಹಳೇಬೀಡಿನ ಒಂದು ತರಬೇತಿ ಕೇಂದ್ರದಲ್ಲಿ ಪಾಠ ಹೇಳುವ ಕೆಲಸ ಖಾಲಿ ಇತ್ತು. ಅಂದು ಮಧ್ಯಾಹ್ನ, ತಾನೇ ಕಟ್ಟಿದ ಕರ್ನಲ್ಲನ್ನು ಅಲ್ಲಿನ ಮೇಡಂ ಎದುರು ಓಡಿಸಿ ತೋರಿಸಬೇಕಿತ್ತು. ತೋರಿಸಿದರೆ ಕೆಲಸ.

ಕರ್ನಲ್ ಅಂದರೇನೆಂದು ನನಗೂ ಬಿಡಿಸಿ ಹೇಳಿದ್ದಳು.

"ಕಂಪ್ಯೂಟರಿನ ಯಜಮಾನ ಅಂದ್ಕೋ ಅಣ್ಣ. ಒಂದೊಂದು ಡಿಸ್ಕಲ್ಲಿ ಫೈಲುಗಳನ್ನ ಒಂದೊಂದು ಥರ ಜೋಡಿಸಿರ್ತಾರೆ. ಒಂದೊಂದು ಥರಕ್ಕೂ ಒಳಗೆ ಒಬ್ಬೊಬ್ಬ ಆಳು. ಆದ್ರೆ ಯಾವ ಡಿಸ್ಕ್ ಬಂದ್ರೂ ಹೊರಗಿನೋರಿಗೆ ಕಾಣೋದು ಒಂದೇ ಕೌಂಟರ್. ಅದಕ್ಕೆ ವರ್ಚುವಲ್ ಫೈಲ್ ಸಿಸ್ಟಮ್ ಅಂತಾರೆ. ಯಾವ್ಯಾವ ಆಳು ಬೇಕು ಅಂತ ಈ ಪಟ್ಟೀಲಿ ಗುರುತು ಹಾಕಿದೀನಿ."

"ನಮ್ ಮಂಡಿ ಥರಾನೇ ಐತಲ್ಲೇ!" ಎಂದೆ. ಆ ಕ್ಷಣವೇ ನನಗೆ ಸಕಲ ವಿದ್ಯೆಯೂ ಹತ್ತಿಬಿಟ್ಟಿತು!

"ಜೆರಾಕ್ಸ್ ಮಾಡಿಸ್ಕೊಂಡು ಬರ್ತೀನಿ. ಏನೂ ಮುಟ್ಬೇಡ, ಸುಮ್ನೆ ಕೂತಿರು," ಎಂದು ಹೊರಟಳು.

ಕೂತೆ. ಪಟ್ಟಿಯನ್ನೂ ನೋಡಿದೆ. ಎಕ್ಸ್‌ಟಿ ಎರಡು, ಮೂರು, ನಾಲ್ಕು ಎಂಬ ಒಂದೇ ಮನೆತನದ ಮೂವರು ಆಳುಗಳು ಸಾಲಾಗಿ ನಿಂತಿದ್ದರು. ಮೂವರ ಮುಂದೂ ನಕ್ಷತ್ರದ ಗುರುತು. ಒಂದು ಕೌಂಟರಿಗೆ ಮೂವರು ಅಣ್ಣತಮ್ಮಂದಿರೇ? ಇವರಿಗೆಲ್ಲ ಊಟ ಹಾಕುವವರು ಯಾರು! ನಮ್ಮ ಮನೆಯಲ್ಲಿ ಅಪ್ಪ ಹೋದ ಮೇಲೆ ವ್ಯವಹಾರವೆಲ್ಲ ಹಿರಿಯನಾದ ನನ್ನ ಕೈಗೆ ಬಂತು. ಮಿಕ್ಕವರು ನಾನು ಹೇಳಿದಂತೆ ಕೇಳಬೇಕು, ಅದು ಪದ್ಧತಿ. ಸದರಿ ಪದ್ಧತಿಯನ್ನು ಕರ್ನಲ್‌ಗೂ ಅನ್ವಯಿಸಲಾಯಿತು! 'ವೈ' ಒತ್ತಿದರೆ ಸೇರಿಸು, 'ಎನ್' ಒತ್ತಿದರೆ ತೆಗೆ ಎಂದು ಪರದೆಯ ಮೇಲೇ ಬರೆದಿತ್ತು. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ. ಹಿರಿಯನಾದ ಎರಡನ್ನು ಉಳಿಸಿ, ಮೂರು ನಾಲ್ಕನ್ನು ಕೆಲಸದಿಂದ ತೆಗೆದೆ.

ಅಡುಗೆಮನೆಯಿಂದ ಹೆಂಡತಿ ಗಿರಿಜಾ ಇಣುಕಿದಳು.

"ರೀ, ಏನ್ ಮಾಡ್ತಿದೀರಾ?"

"ಆಡಳಿತ ಸುಧಾರಣೆ!"

"ಹೋದ್ಸಲ ಮಿಕ್ಸಿ ಸುಧಾರಿಸಿದ್ರಿ. ಇವತ್ತಿಗೂ ಒರಳಲ್ಲಿ ರುಬ್ತಿದೀನಿ."

ಲೀಲಾ ಬಂದವಳೇ ಪಟ್ಟಿಯನ್ನು ಸೇವ್ ಮಾಡಿ, ಕರ್ನಲ್ ಕಟ್ಟಲು ಬಿಟ್ಟಳು. ನಾನು ತುಟಿ ಬಿಚ್ಚಲಿಲ್ಲ. ಮೇಡಂ "ಎಷ್ಟು ಅಚ್ಚುಕಟ್ಟು!" ಎಂದಾಗ ಹೇಳೋಣವೆಂದು. ಎಲ್ಲ ಮುಗಿದ ಮೇಲೆ, "ಒಂದ್ಸಲ ಆನ್ ಮಾಡಿ ನೋಡ್ಬಿಡ್ತೀನಣ್ಣ," ಎಂದಳು.

"ಹೊತ್ತಾಯ್ತು ನಡಿಯೇ, ಕಾರು ನಿಂತೈತೆ!" ಎಂದು ವೈರು ಕಿತ್ತವನೂ ನಾನೇ.

ಹಳೇಬೀಡಿನಲ್ಲಿ ಮೇಡಂ ಕುರ್ಚಿ ಎಳೆದುಕೊಂಡು ಕೂತರು. ಲೀಲಾ ಸ್ವಿಚ್ ಒತ್ತಿದಳು. ಪರದೆಯ ಮೇಲೆ ಬಿಳಿ ಅಕ್ಷರಗಳು ಓಡಿದವು, ಓಡಿದವು, ನಿಂತವು. ಕೊನೆಯಲ್ಲಿ 'ಕರ್ನಲ್ ಪ್ಯಾನಿಕ್' ಎಂದಿತ್ತು, ಅಂದರೆ ಯಜಮಾನನೇ ಗಾಬರಿಬಿದ್ದು ಕೈಚೆಲ್ಲಿದ್ದ. ಲೀಲಾಳ ಮುಖ ಸುಣ್ಣ ಬಳಿದಂತಾಯಿತು.

ನಾನು ಎದ್ದೆ. ಕೊಬ್ಬರಿ ಒಣಗಿದೆಯೇ ಎಂದು ತಿಳಿಯಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ನಮ್ಮ ಕಸುಬು. ಕಂಪ್ಯೂಟರಿನ ಡಬ್ಬವನ್ನು ಎತ್ತಿ ಅಲ್ಲಾಡಿಸಿದೆ. ಒಳಗೇನೋ ಕಟಕಟ ಎಂದಿತು.

"ಚೆನ್ನಾಗಿ ಒಣಗೈತೆ ಮೇಡಂ!"

"ಕೆಳಗಿಡ್ರೀ," ಎಂದರು.

ಪುಣ್ಯಕ್ಕೆ ಲೀಲಾ ಹಳೆಯ ಕರ್ನಲ್ಲನ್ನೂ ಅಳಿಸದೆ ಅದೇ ಡಿಸ್ಕಿನಲ್ಲಿ ಇಟ್ಟಿದ್ದಳು. ಅದರಿಂದ ಕಂಪ್ಯೂಟರನ್ನು ಎಬ್ಬಿಸಿ ಪಟ್ಟಿ ತೆರೆದಳು. ನೋಡಿದಳು. ನನ್ನ ಕಡೆ ತಿರುಗಿದಳು. ನಾನು ಫ್ಯಾನಿನ ಸೌಂದರ್ಯ ಸವಿಯುತ್ತಿದ್ದೆ.

"ನನ್ನ ತಪ್ಪು ಮೇಡಂ. ಈ ಡಿಸ್ಕ್ ನಾಲ್ಕನೇ ಥರದ್ದು. ಅದನ್ನ ಓದೋದನ್ನೇ ಪಟ್ಟಿಯಿಂದ ಬಿಟ್ಟಿದೀನಿ."

"ಎರಡು ಇದೆಯಲ್ಲಮ್ಮ, ಅದು ಓದಲ್ವಾ?"

"ಇಲ್ಲ ಮೇಡಂ. ನಾಲ್ಕು ಕಿರಿಯದು, ಹಿಂದಿನವರದ್ದನ್ನೆಲ್ಲ ಓದೋಕೆ ಬರುತ್ತೆ. ಎರಡಕ್ಕೆ ಕಿರಿಯದರದ್ದು ಬರಲ್ಲ."

ಅವಳು ಹೇಳಿದ್ದು ಕರ್ನಲ್ ವಿಷಯ. ತಾಗಿದ್ದು ನನಗೆ! ಮಂಡಿಯ ತೂಕ, ದರ, ನನ್ನ ಸಿಡುಕು ಎಲ್ಲವೂ ಅವಳಿಗೆ ಗೊತ್ತು. ಅವಳ ಕೆಲಸದ ಒಂದು ಸಾಲೂ ನನಗೆ ಗೊತ್ತಿಲ್ಲ. ಆದರೂ ಅವಳ ಪಟ್ಟಿಗೆ ನಾನೇ ಯಜಮಾನ! ಲೀಲಾಳ ಅರ್ಜಿಯ ಮೇಲೆ ಗೀಟು ಹಾಕಲು ಮೇಡಂ ಪೆನ್ನಿನ ಮುಚ್ಚಳ ತೆಗೆದರು.

"ನಿಲ್ಸಿ ಮೇಡಂ!" ಎಂದು ಕೂಗಿದೆ. "ತಪ್ಪು ಅವಳದಲ್ಲ, ನಂದು. ನಾಲ್ಕನೇದನ್ನ ತೆಗ್ದೋನು ನಾನು. ಒಂದ್ಸಲ ನೋಡ್ತೀನಿ ಅಂದ್ಲು, ಬಿಡದೆ ಎಳ್ಕೊಂಡ್ ಬಂದೋನೂ ನಾನೇ."

ಮೇಡಂ ಲೀಲಾಳನ್ನು ಕೇಳಿದರು: "ದಿನಾ ಇವರ ಜೊತೇನೇ ಇರ್ತೀಯಾ?"

"ಹ್ಞೂ ಮೇಡಂ."

"ಹಾಗಾದ್ರೆ ನಮ್ಮ ಹುಡುಗರನ್ನ ಸಂಭಾಳಿಸ್ತೀಯ ಬಿಡು. ಇದನ್ನ ಓಡಿಸಿ ತೋರಿಸು, ಸೋಮವಾರದಿಂದ ಬಾ."

ಲೀಲಾ ನಾಲ್ಕರ ಮುಂದೆ ಮತ್ತೆ ಗುರುತು ಹಾಕಿ, ಹೊಸದಾಗಿ ಕಟ್ಟಿದಳು. ಅಕ್ಷರಗಳು ಓಡಿದವು, ಓಡಿದವು, ಈ ಸಲ ನಿಲ್ಲಲಿಲ್ಲ! ನಾನು ಶಿಳ್ಳೆ ಹೊಡೆದೆ. ಮೇಡಂ ಬಾಗಿಲು ತೋರಿಸಿದರು.

ತಂಗಿ ಹುಟ್ಟಿದಾಗಿನಿಂದ ನಾನು ಅವಳಿಗೆ ಹೇಳದ ಮಾತೊಂದಿತ್ತು. ಅದು ಹಿರಿಯರ ಬಾಯಲ್ಲಿ ಬರುವಂಥದ್ದಲ್ಲ ಎಂದುಕೊಂಡಿದ್ದೆ. ಅವಳು ನಗುತ್ತ ಹೊರಗೆ ಬಂದಾಗ, ಎರಡೂ ಕೈಗಳನ್ನು ಕಂಕುಳಲ್ಲಿ ಭದ್ರವಾಗಿ ಸಿಕ್ಕಿಸಿಕೊಂಡು, ಕಾರಿನ ಡ್ರೈವರಿಗೂ ಕೇಳುವಂತೆ ಹೇಳಿದೆ:

"ತಪ್ಪಾಯ್ತು ಕಣವ್ವ ಲೀಲಾ. ಸುಮ್ನೆ ಕೂತ್ಕೊಳೋದು ಹೆಂಗೆ ಅಂತ ಮೊದ್ಲು ನಂಗೆ ಕಲ್ಸು."