ಮಾವನ ಹತ್ತು ಸೆಕೆಂಡು

ನಮ್ಮ ಸೋದರಮಾವನಿಗೆ ಕಾಯುವುದೆಂದರೆ ಏನೆಂದೇ ಗೊತ್ತಿಲ್ಲ. ಹೇಗೆ ಗೊತ್ತಿರಬೇಕು? ಅವರು ಹುಟ್ಟಿದ್ದೇ ಏಳನೇ ತಿಂಗಳಿಗೆ! ಹೆಬ್ಬಾಳದಲ್ಲಿ ಕೆಂಪು ದೀಪ ಕಂಡರೆ ಬಸ್ಸಿನಿಂದ ಇಳಿದು ನಡೆದೇ ಹೋಗುವ ಆಸಾಮಿ. ಒಮ್ಮೆ ಡಿಕಾಕ್ಷನ್ ಇಳಿಯುವುದನ್ನು ಕಾಯಲಾರದೆ ಬರೀ ಹಾಲು ಕುಡಿದು, ಆಮೇಲೆ ಬರೀ ಡಿಕಾಕ್ಷನ್ ಕುಡಿದು, "ಹೊಟ್ಟೇಲಿ ಬೆರೆತ್ಕೊಳ್ಳುತ್ತೆ ಬಿಡೇ" ಎಂದು ಅತ್ತೆಗೇ ಸಮಾಧಾನ ಹೇಳಿದ್ದರು.

ಇಂಥವರ ಸಂಜಯನಗರದ ಮನೆಯಲ್ಲಿ, ಆನ್ ಆಗಲು ನಾಲ್ಕು ನಿಮಿಷ ತೆಗೆದುಕೊಳ್ಳುವ ಮುದಿ ಕಂಪ್ಯೂಟರು! ಅದರಲ್ಲಿದ್ದ ಆಪರೇಟಿಂಗ್ ಸಿಸ್ಟಂ ಅಳಿಸಿ, ಚುರುಕಾದ ಹೊಸದೊಂದನ್ನು ಹಾಕಲು ಮಾವ ಹೊರಟರು. ಅತ್ತೆ ಅಡ್ಡ ನಿಂತರು. ಪಾರ್ಶ್ವವಾಯು ಬಡಿದು ಬಲಗೈ ಸೋತ ಮೇಲೆ, ಡಾಕ್ಟರ ಮಾತಿನಂತೆ ಅದೇ ಕೈಯ ಒಂದು ಬೆರಳಿನಿಂದ, ತಮ್ಮ ತಾಯಿ ಮದುವೆಮನೆಗಳಲ್ಲಿ ಹಾಡುತ್ತಿದ್ದ ಹಸೆ ಹಾಡುಗಳನ್ನೆಲ್ಲ ಅವರು ಅದರಲ್ಲಿ ಟೈಪು ಮಾಡಿಟ್ಟಿದ್ದರು.

"ಹಾಡು ಹೋದ್ರೆ ನೀವು ಹಾಡ್ತೀರಾ?"

ಮಾವ ಹಾಡುವುದೇ? ಬೀದಿಯವರೂ ಒಪ್ಪಲಿಕ್ಕಿಲ್ಲ! ಕೊನೆಗೆ ಹಳೆಯದೂ ಇರಲಿ, ಪಕ್ಕದಲ್ಲಿ ಹೊಸದೂ ಬರಲಿ ಎಂದು ರಾಜಿಯಾಗಿ, ನನ್ನನ್ನು ಯಲಹಂಕದಿಂದ ಕರೆಸಿದರು.

ನಾನು ಹೋಗುವಷ್ಟರಲ್ಲಿ ಮಾವ ಕಾಯುತ್ತಾರೆಯೇ? ಡಿಸ್ಕನ್ನು ಆಗಲೇ ಪಾಲು ಮಾಡಿದ್ದರು. ಎರಡು ಪಾಲಿನ ನಡುವೆ ಒಂದಿಷ್ಟು ಜಾಗ ಖಾಲಿ.

"ಇದ್ಯಾಕೆ ಮಾವ?"

"ಸೆಟ್‌ಬ್ಯಾಕ್ ಕಣೋ! ಗೋಡೆಗೆ ಗೋಡೆ ತಾಗ್ಸಿ ಕಟ್ಟಿದ್ರೆ ನಾಳೆ ಗಾಳಿ ಬೆಳಕಿಗೆ ಜಗಳ ಬರುತ್ತೆ."

ಮಾವ ನಿವೃತ್ತ ಸರ್ವೇಯರು. ಜೀವಮಾನವಿಡೀ ಸೈಟು ಅಳೆದವರು. ಹಾಡುಗಳ ಪ್ರತಿ ತೆಗೆದಿಟ್ಟಿದ್ದೀರಾ ಎಂದರೆ ಮೂರು ಪೆನ್‌ಡ್ರೈವ್ ತೋರಿಸಿದರು. ಒಂದು ದೇವರಮನೆಗೆ, ಒಂದು ಬೀರುವಿಗೆ, ಒಂದು ತಮ್ಮ ಜೇಬಿಗೆ.

ಅಂತೂ ಹೊಸದು ಕೂತಿತು. ಆನ್ ಮಾಡಿದರೆ ಪರದೆಯ ಮೇಲೆ ಎರಡು ಹೆಸರು. ಹತ್ತು ಸೆಕೆಂಡಿನೊಳಗೆ ಒಂದನ್ನು ಆರಿಸದಿದ್ದರೆ ಮಾವನ ಹೊಸದು ತಾನಾಗಿಯೇ ತೆರೆದುಕೊಳ್ಳುತ್ತದೆ. ಹತ್ತು ಸೆಕೆಂಡು ಜಾಸ್ತಿಯಾಯಿತೆಂದು ಮಾವ ಗೊಣಗಿದರು.

ಮರುದಿನ ಅತ್ತೆಯ ಫೋನು. "ಹಾಡೆಲ್ಲ ಹೋಯ್ತು ಕಣಪ್ಪಾ" ಎಂದು ಅಳು. ಓಡಿಹೋಗಿ ನೋಡಿದರೆ ಹಾಡುಗಳು ಸುರಕ್ಷಿತವಾಗಿದ್ದವು. ಅತ್ತೆಯ ಬೆರಳು ಗುಂಡಿ ತಲುಪುವಷ್ಟರಲ್ಲಿ ಹತ್ತು ಸೆಕೆಂಡು ಮುಗಿದು, ಗುರುತಿಲ್ಲದ ಪರದೆ ಬಂದುಬಿಟ್ಟಿತ್ತು, ಅಷ್ಟೆ.

"ಅತ್ತೆಯದೇ ತಾನಾಗಿ ತೆರೆಯೋ ಹಾಗೆ ಮಾಡ್ಬಿಡ್ತೀನಿ ಮಾವ."

"ಬೇಡ ಕಣೋ. ಅವಳೇ ಒತ್ತಲಿ. ಆ ಬೆರಳಿಗೆ ಕೆಲ್ಸ ಬೇಕು. ಆ ಹತ್ತು ಸೆಕೆಂಡಿನ ಲೆಕ್ಕಾನೇ ತೆಗೆದುಬಿಡು."

ತೆಗೆದೆ. ಈಗ ಯಾರಾದರೂ ಒತ್ತುವ ತನಕ ಕಂಪ್ಯೂಟರು ಸುಮ್ಮನೆ ಕಾಯುತ್ತದೆ, ಎಷ್ಟು ಹೊತ್ತಾದರೂ.

ಅತ್ತೆ ಬಂದು ಕೂತರು. ಬೆರಳು ನಡುಗುತ್ತಾ ಗುಂಡಿಯ ಕಡೆ ಹೊರಟಿತು. ನಡುವೆ ನಿಂತಿತು, ಮತ್ತೆ ಹೊರಟಿತು. ನೋಡಲಾರದೆ ನಾನೇ ಒತ್ತೋಣವೆಂದು ಕೈ ಚಾಚಿದೆ. ಮಾವ ನನ್ನ ಕೈ ಹಿಡಿದು ಕೆಳಗಿಳಿಸಿದರು.

"ಇರೋ, ನಿಂಗೇನೋ ಅಷ್ಟು ಅರ್ಜೆಂಟು?"